ಫ್ಯಾನ್ ನಿಂತರೆ ಎಚ್ಚರ

ರಾತ್ರಿ ಎರಡು ಗಂಟೆಗೆ ಕರೆಂಟ್ ಹೋಗುತ್ತದೆ. ಫ್ಯಾನು ಸುತ್ತು ಕಳೆದುಕೊಳ್ಳುತ್ತಾ ನಿಲ್ಲುತ್ತದೆ. ಮನೆಮಂದಿಗೆಲ್ಲ ಎಚ್ಚರ. ಅದರಲ್ಲಿ ಸೆಖೆಯದೂ ಪಾಲಿದೆ, ಇಲ್ಲವೆನ್ನುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಡಿಸೆಂಬರ್ ಚಳಿಯಲ್ಲೂ ಫ್ಯಾನ್ ಹಾಕಿ, ಕಂಬಳಿ ಹೊದ್ದು ಮಲಗುವವರಿದ್ದಾರೆ. ಅವರಿಗೆ ಗಾಳಿ ಯಾಕೆ ಬೇಕು? ಬೇಕಿರುವುದು ಆ ಗುಂಯ್ ಸದ್ದು.

ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ನಿದ್ದೆಯಲ್ಲೂ ಸದ್ದು ಒಳಗೆ ಹೋಗುತ್ತಲೇ ಇರುತ್ತದೆ, ಮೆದುಳು ಜರಡಿ ಹಿಡಿಯುತ್ತಲೇ ಇರುತ್ತದೆ. ಈ ಕೆಲಸದಲ್ಲಿ ಮೆದುಳಿನ ನಡುವೆ ಕೂತಿರುವ ಥಲಾಮಸ್‌ಗೆ ದೊಡ್ಡ ಪಾತ್ರ. ಮಲಗಿದವರ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ, ತೆಗೆದರೆ ಈ ಜರಡಿಯ ಗುರುತಾಗಿ ಆಗಾಗ ಒಂದೆರಡು ಸೆಕೆಂಡಿನ ಅಲೆಗಳ ಗೊಂಚಲು ಕಾಣುತ್ತದೆ. ನೂಲು ಸುತ್ತಿದ ಕದಿರಿನ ಹಾಗೆ ನಡುವೆ ಉಬ್ಬಿರುವುದರಿಂದ ಅದಕ್ಕೆ ಸ್ಪಿಂಡಲ್ ಎಂದು ಹೆಸರು. ಇಂಥ ಸ್ಪಿಂಡಲ್‌ಗಳು ಹೆಚ್ಚಿರುವವರು ಗದ್ದಲಕ್ಕೆ ಸುಲಭವಾಗಿ ಏಳುವುದಿಲ್ಲವೆಂದು 2010ರಲ್ಲಿ ಹಾರ್ವರ್ಡ್ ಸಂಶೋಧಕರು ತೋರಿಸಿದರು. ಕುಂಭಕರ್ಣ ಎಂದು ಬೈಸಿಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಮೆದುಳನ್ನು ಎಬ್ಬಿಸುವುದು ಸದ್ದಿಗಿಂತ ಸದ್ದಿನ ಏರುಪೇರು. ತೀರಾ ನಿಶ್ಶಬ್ದ ಕೋಣೆಯಲ್ಲಿ ನಲ್ಲಿಯ ಒಂದು ಹನಿಯೂ ತಮಟೆಯೇ. ಫ್ಯಾನು ಓಡುತ್ತಿದ್ದರೆ ಆ ಹನಿ, ಬೀದಿನಾಯಿ, ಪಕ್ಕದ ಮನೆಯ ಚಿಲಕ ಎಲ್ಲವೂ ಅದರಲ್ಲಿ ಮುಳುಗಿಹೋಗುತ್ತವೆ.

ಮಲೆನಾಡಿನ ಹೆಂಚಿನ ಮನೆಯಲ್ಲಿ ಜಡಿಮಳೆಯ ರಾತ್ರಿ ಮಲಗಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹನಿಹನಿಗೂ ಬೇರೆ ಸದ್ದು. ಸಾವಿರಾರು ಹನಿ ಒಟ್ಟಿಗೆ ಬಿದ್ದಾಗ ಒಂದೂ ಬಿಡಿಯಾಗಿ ಕೇಳದೆ ಎಲ್ಲ ಸೇರಿ ಬರೀ ‘ಶೋ’. ತಗ್ಗಿನಿಂದ ಎತ್ತರದವರೆಗಿನ ಆವೃತ್ತಿಗಳೆಲ್ಲ ಸಮಬಲದಲ್ಲಿ ಬೆರೆತರೆ ಅದು ವೈಟ್ ನಾಯ್ಸ್. ಹಳೇ ಟೀವಿಯಲ್ಲಿ ಚಾನೆಲ್ ಸಿಗದಾಗ ಬರುತ್ತಿತ್ತಲ್ಲ, ಹಾಗೆ. ಎತ್ತರದ ಆವೃತ್ತಿಗಳ ಬಲ ಇಳಿಯುತ್ತಾ ಹೋದರೆ ಪಿಂಕ್ ನಾಯ್ಸ್, ಕಿವಿಗೆ ಇನ್ನಷ್ಟು ಹಿತ. ಅದೇ ಮಳೆ ತಗಡಿನ ಶೀಟಿಗೆ ಬಿದ್ದರೆ? ತೆಳು ತಗಡು ತಾನೇ ಕಂಪಿಸಿ ಅಬ್ಬರಿಸುತ್ತದೆ, ನಿದ್ದೆಯ ಮಾತು ಬಿಡಿ.

ಮಗುವಿನ ಕಿವಿಯ ಬಳಿ ಅಮ್ಮ ‘ಶ್ಶ್’ ಎನ್ನುವುದೂ ಹೆಚ್ಚುಕಡಿಮೆ ವೈಟ್ ನಾಯ್ಸೇ. ಗರ್ಭದಲ್ಲಿ ತಾಯಿಯ ರಕ್ತ ಹರಿಯುವ ಸದ್ದು ಕೇಳಿಕೊಂಡೇ ಬೆಳೆದ ಕೂಸು ಅದು. 1990ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಪ್ರಯೋಗದಲ್ಲಿ 20 ನವಜಾತ ಶಿಶುಗಳಿಗೆ ವೈಟ್ ನಾಯ್ಸ್ ಕೇಳಿಸಿದರು. ಐದು ನಿಮಿಷದೊಳಗೆ 16 ಮಲಗಿದವು. ಸದ್ದು ಕೇಳಿಸದ 20 ಶಿಶುಗಳಲ್ಲಿ ಮಲಗಿದ್ದು 5 ಮಾತ್ರ.

ಇಷ್ಟು ಕೇಳಿ ಮೊಬೈಲ್ ಆ್ಯಪ್‌ಗೆ ದುಡ್ಡು ಕಟ್ಟಲು ಹೊರಡಬೇಡಿ. 38 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಒಂದು ಪರಾಮರ್ಶೆ, ಇಂಥ ಸದ್ದು ನಿದ್ದೆಯನ್ನು ಉತ್ತಮಪಡಿಸುತ್ತದೆ ಎನ್ನಲು ಇರುವ ಪುರಾವೆ ತೀರಾ ದುರ್ಬಲ ಎಂದಿದೆ. ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಕಿರಿಕಿರಿ. ಅಷ್ಟೇ.

ಮಕ್ಕಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 2014ರಲ್ಲಿ ಶಿಶುಗಳಿಗಾಗಿ ಮಾರುವ 14 ನಿದ್ದೆಯಂತ್ರಗಳನ್ನು ಅಳೆದಾಗ, ಪೂರ್ತಿ ವಾಲ್ಯೂಮಿನಲ್ಲಿ ಎಲ್ಲವೂ ಆಸ್ಪತ್ರೆಯ ಶಿಶುಕೋಣೆಗೆ ನಿಗದಿಯಾದ 50 ಡೆಸಿಬೆಲ್ ಮಿತಿಯನ್ನು ದಾಟಿದ್ದವು. ಮೂರು ಯಂತ್ರಗಳು 85ನ್ನೂ ಮೀರಿದ್ದವು. ಹಾಗಾಗಿ ಮಳೆ ಸದ್ದು ಹಾಕಿದ ಫೋನನ್ನು ತೊಟ್ಟಿಲೊಳಗೆ ಇಡಬೇಡಿ. ಆದಷ್ಟು ದೂರವಿರಲಿ, ವಾಲ್ಯೂಮ್ ತಗ್ಗಿರಲಿ. ಮಗು ಮಲಗಿದ ಮೇಲೆ ಆರಿಸಿ, ಆದರೆ ಒಮ್ಮೆಲೇ ಬೇಡ. ಸದ್ದನ್ನು ಸ್ವಲ್ಪ ಸ್ವಲ್ಪವೇ ಇಳಿಸಿ.