ಉಷ್ಣದ ಜಲಪಾತ

1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪದ ಭಾಗ್ಯವನ್ನಿತ್ತದ್ದು ಶಿವನಸಮುದ್ರದಲ್ಲಿ ಧುಮ್ಮಿಕ್ಕುವ ಕಾವೇರಿಯಾದರೆ, ಇಂದು ಅಟ್ಟೂರಿನ ನೆರೆಯಲ್ಲಿ, ಯಲಹಂಕದ ಹಳೆಯ ಡೀಸೆಲ್ ವಿದ್ಯುದಾಗಾರವಿದ್ದೆಡೆ ಕರ್ನಾಟಕ ವಿದ್ಯುತ್ ನಿಗಮವು ನಿಲ್ಲಿಸಿರುವ 370 ಮೆಗಾವಾಟಿನ ಅನಿಲ ಸ್ಥಾವರದಲ್ಲಿ ಧುಮ್ಮಿಕ್ಕುತ್ತಿರುವುದು ಉಷ್ಣವೇ ಎನ್ನಬೇಕು.

ಈ ಉಪಮೆ ನನ್ನದಲ್ಲ. ಫ್ರಾನ್ಸಿನ ಸೇನಾ ಇಂಜಿನಿಯರ್ ಸಾದಿ ಕಾರ್ನೋವಿನದು. ನೀರಿಗೆ ಎತ್ತರವು ಹೇಗೋ ಉಷ್ಣಕ್ಕೆ ತಾಪದ ಅಂತರವು ಹಾಗೆ, ಆ ಅಂತರವಿಲ್ಲದೆಡೆ ಎಷ್ಟು ಉಷ್ಣವಿದ್ದರೂ ಯಂತ್ರವು ದುಡಿಯಲಾರದು ಎಂಬುದನ್ನು ಅವನು 1824ರಲ್ಲಿ, ಇಪ್ಪತ್ತೆಂಟರ ಹರೆಯದಲ್ಲಿ, ಒಂದು ಕಿರುಹೊತ್ತಗೆಯಲ್ಲಿ ಪ್ರತಿಪಾದಿಸಿದನು. ಉಷ್ಣವೆಂಬುದು ನಾಶವಿಲ್ಲದ ಒಂದು ಸೂಕ್ಷ್ಮದ್ರವವೆಂದು ಆತ ನಂಬಿದ್ದನು; ನಂಬಿಕೆ ತಪ್ಪು, ಸಿದ್ಧಾಂತ ಸರಿ! 1832ರಲ್ಲಿ ಕಾಲರಾ ಬೇನೆಗೆ ಅವನು ತುತ್ತಾದ ಎರಡು ವರ್ಷಗಳ ತರುವಾಯ ಫ್ರಾನ್ಸಿನ ಇನ್ನೊಬ್ಬ ಇಂಜಿನಿಯರ್ ಕ್ಲಾಪೆರಾನನು ಆ ವಿಚಾರವನ್ನು ಮೇಲೆತ್ತದೆ ಹೋಗಿದ್ದರೆ, ಭೌತವಿಜ್ಞಾನಿಗಳಾದ ಕೆಲ್ವಿನ್, ಕ್ಲೌಸಿಯಸ್ಸರ ದೃಷ್ಟಿಗೆ ಅದು ಬೀಳುತ್ತಿತ್ತೋ ಇಲ್ಲವೋ. ಇಳಿಯುವ ಉಷ್ಣದಲ್ಲಿ ಒಂದಂಶವು ಕಾರ್ಯವಾಗಿ ಪರಿಣಮಿಸಿ ಉಳಿದುದಷ್ಟೇ ತಳ ಸೇರುವುದೆಂದು ತಿದ್ದಿ, ಉಷ್ಣವು ಚದುರಿ ಕಾರ್ಯಕ್ಕೆ ಒದಗದಂತಾಗುವುದರ ಅಳತೆಗೆ 1865ರಲ್ಲಿ ಎಂಟ್ರೊಪಿ ಎಂಬ ಹೆಸರನ್ನಿತ್ತವನು ಕ್ಲೌಸಿಯಸ್.

ಯಲಹಂಕದ ಕೌಶಲವಿರುವುದು ಈ ಜಲಪಾತಕ್ಕೆ ಎರಡು ಮೆಟ್ಟಿಲುಗಳನ್ನು ಕಟ್ಟಿದುದರಲ್ಲಿ. ಇಂತಹ ಸ್ಥಾವರಗಳಲ್ಲಿ ಸುಮಾರು 1,300 ಡಿಗ್ರಿ ಸೆಲ್ಸಿಯಸ್ಸಿನ ದಹನಾನಿಲವು ಮೊದಲನೆಯ ಟರ್ಬೈನನ್ನು ತಿರುಗಿಸಿ ಹೊರಬರುವಾಗಲೂ 600 ಡಿಗ್ರಿಯ ಸಮೀಪದಲ್ಲಿರುತ್ತದೆ. ಚಿಮಣಿಯ ಪಾಲಾಗಬಹುದಾಗಿದ್ದ ಆ ಉಷ್ಣವೇ ನೀರನ್ನು ಕುದಿಸಿ, ಆವಿಯಿಂದ ಎರಡನೆಯ ಟರ್ಬೈನನ್ನು ನಡೆಸಿ, ಒಟ್ಟು ವಿದ್ಯುತ್ತಿನ ಸುಮಾರು ಮೂರನೆಯ ಒಂದು ಪಾಲನ್ನು ಒದಗಿಸುತ್ತದೆ. ಒಂಟಿ ಅನಿಲ ಟರ್ಬೈನಿನಲ್ಲಿ ನೂರಕ್ಕೆ ನಲವತ್ತನ್ನು ಮುಟ್ಟಲು ಹೆಣಗುವ ದಕ್ಷತೆಯು ಈ ಜೋಡಣೆಯಲ್ಲಿ ಐವತ್ತೈದರ ಆಸುಪಾಸಿಗೆ ಏರುವುದು ಸಾಮಾನ್ಯ ಸಾಧನೆಯಲ್ಲ. ಆದರೂ ದಹನಾನಿಲದ ತಾಪಕ್ಕೂ ಹೊರಗಿನ ವಾತಾವರಣದ ತಾಪಕ್ಕೂ ನಡುವೆ ಕಾರ್ನೋವಿನ ಆದರ್ಶ ಯಂತ್ರವು ಎಂಬತ್ತನ್ನು ಮುಟ್ಟೀತು.

ನೂರನ್ನೇಕೆ ಮುಟ್ಟದು? ಇದಕ್ಕೆ ಅಣುಗಳ ಮಟ್ಟದಲ್ಲಿ ಉತ್ತರವನ್ನರಸಿದವನು ವಿಯೆನ್ನದ ಭೌತವಿಜ್ಞಾನಿ ಬೋಲ್ಟ್‌ಸ್‌ಮನ್. ಅಸಂಖ್ಯ ಅಣುಗಳು ಒಂದೇ ದಿಕ್ಕಿಗೆ ಚಲಿಸಲು ಇರುವ ವಿನ್ಯಾಸಗಳು ಅತಿವಿರಳ, ಚೆಲ್ಲಾಪಿಲ್ಲಿಯಾಗಿ ಚಲಿಸಲು ಇರುವುವು ಎಣಿಕೆಗೆ ನಿಲುಕದಷ್ಟು. ಆದ್ದರಿಂದ ಚದುರಿದ ಉಷ್ಣವು ಯಾವ ಬೆಲೆಯನ್ನೂ ತೆರದೆ ಸಮಗ್ರವಾಗಿ ಕಾರ್ಯವಾಗುವುದು ಅಸಂಭವಪ್ರಾಯವೆಂದು 1877ರಲ್ಲಿ ಅವನು ಲೆಕ್ಕದಿಂದಲೇ ತೋರಿದನು. ಎಂಟ್ರೊಪಿಗೂ ಅಣುಗಳ ವಿನ್ಯಾಸಗಳ ಸಂಖ್ಯೆಗೂ ಇರುವ ಸಂಬಂಧವನ್ನು ಹೇಳುವ ಸೂತ್ರವನ್ನು ಅವನ ಸಮಾಧಿಯ ಮೇಲೆ ಕೆತ್ತಿದ್ದಾರೆ.

ತೆರಬೇಕಾದ ಆ ಬೆಲೆಯನ್ನು ಸ್ಥಾವರವು ತೆರುವುದು ತಳದಲ್ಲಿ, ಆವಿಯಲ್ಲುಳಿದ ಉಷ್ಣವನ್ನು ಹೊರಚೆಲ್ಲಿ ಅದನ್ನು ಮರಳಿ ನೀರಾಗಿಸುವ ಕಂಡೆನ್ಸರಿನಲ್ಲಿ. ತಂಪಿಗೆ ನೀರು ಬೇಕು. ಅದಕ್ಕೆಂದು ಜಕ್ಕೂರಿನ ಕೊಳಚೆನೀರು ಸಂಸ್ಕರಣಾ ಘಟಕದತ್ತ ಯೋಜಕರ ದೃಷ್ಟಿ ಹರಿದಾಗ, ಅದೇ ನೀರಿನಿಂದ ತುಂಬುವ ಜಕ್ಕೂರು ಕೆರೆಯ ಗತಿಯೇನೆಂಬ ಪ್ರಶ್ನೆಯೂ ಜೊತೆಯಲ್ಲಿಯೇ ಎದ್ದಿತು.