ಉಗಿಯ ಬಲದ ವಿಕ್ರಾಂತ್

ಭಾರತದ ಮೊದಲ ವಿಮಾನವಾಹಕ ನೌಕೆ ‘ವಿಕ್ರಾಂತ್’ 1961ರ ಮಾರ್ಚ್ 4ರಂದು ಬೆಲ್ಫಾಸ್ಟ್‌ನಲ್ಲಿ ನಮ್ಮ ನೌಕಾಪಡೆಯನ್ನು ಸೇರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಕಟ್ಟತೊಡಗಿ, ಪೂರ್ಣಗೊಳಿಸದೆ ಬಿಟ್ಟಿದ್ದ ಹಡಗನ್ನು ಭಾರತ 1957ರಲ್ಲಿ ಖರೀದಿಸಿತ್ತು.

ಈ ನೌಕೆಯ ಜೀವಾಳ ಉಗಿ. ಹಡಗನ್ನು ನಡೆಸುತ್ತಿದ್ದುದೂ, ವಿಮಾನವನ್ನು ಕವಣೆಯ ಕಲ್ಲಿನಂತೆ ಆಗಸಕ್ಕೆ ಚಿಮ್ಮಿಸುತ್ತಿದ್ದುದೂ ಬಾಯ್ಲರಿನ ಉಗಿಯೇ. ಹಡಗು ಗಾಳಿಗೆ ಎದುರಾಗಿ ವೇಗದಿಂದ ಸಾಗಿದಷ್ಟೂ ವಿಮಾನ ಸುಲಭವಾಗಿ ಮೇಲೇರುತ್ತದೆ. 1971ರ ಯುದ್ಧದ ವೇಳೆಗೆ ನಾಲ್ಕು ಬಾಯ್ಲರುಗಳ ಪೈಕಿ ಒಂದು ಬಿರುಕು ಬಿಟ್ಟು ವೇಗ ಕುಗ್ಗಿತ್ತು. ಆದರೂ ವಿಕ್ರಾಂತ್ ಬಂಗಾಳ ಕೊಲ್ಲಿಗೆ ತೆರಳಿತು. ಡಿಸೆಂಬರ್ 4ರಿಂದ ಅದರ ಸೀ ಹಾಕ್ ಮತ್ತು ಅಲಿಝೆ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್‌ಗಳ ಮೇಲೆ ದಾಳಿ ನಡೆಸಿದವು. ಕುಂಟುತ್ತಲೇ ಗೆದ್ದ ಹಡಗು ಎಂದರೆ ತಪ್ಪಾಗದು!

ಮುಂದೆ ಸೀ ಹ್ಯಾರಿಯರ್ ವಿಮಾನಗಳಿಗಾಗಿ ಕವಣೆಯಂತ್ರವನ್ನು ತೆಗೆದು, ಮೂತಿಯಲ್ಲಿ ಏರುದಿಬ್ಬವನ್ನು ನಿರ್ಮಿಸಲಾಯಿತು. 1997ರ ಜನವರಿ 31ರಂದು ನೌಕೆ ನಿವೃತ್ತವಾಯಿತು.

ಬಳಿಕ ಮುಂಬಯಿಯಲ್ಲಿ ತೇಲುವ ವಸ್ತುಸಂಗ್ರಹಾಲಯವಾಗಿದ್ದುದನ್ನು ನಮ್ಮಲ್ಲಿ ಹಲವರು ಬಲ್ಲರು. ಆದರೆ ಉಪ್ಪುನೀರಿನಲ್ಲಿ ನಿಂತ ಉಕ್ಕು ಸುಮ್ಮನೆ ಉಳಿಯದು. ಸುರಕ್ಷತೆಯ ಕಾರಣದಿಂದ 2012ರಲ್ಲಿ ಸಂದರ್ಶನ ನಿಂತಿತು. 2014ರಲ್ಲಿ ಹರಾಜಾಗಿ, ಸರ್ವೋಚ್ಚ ನ್ಯಾಯಾಲಯದವರೆಗೂ ನಡೆದ ವ್ಯಾಜ್ಯದ ನಂತರ ದಾರುಖಾನಾದಲ್ಲಿ ಒಡೆಯಲ್ಪಟ್ಟಿತು. ನಿವೃತ್ತಿಯ ದಿನವೇ ನಿರ್ವಹಣೆಗೊಂದು ಶಾಶ್ವತ ಠೇವಣಿ ಇರಿಸಿದ್ದರೆ ಉಳಿಯುತ್ತಿತ್ತೇನೋ ಎಂದು ಲೆಕ್ಕಪತ್ರಗಳ ನಡುವೆ ಬದುಕುವ ನಮಗೆ ಅನ್ನಿಸುತ್ತದೆ. ಅದರ ಲೋಹದ ಒಂದಂಶವನ್ನು ಬಜಾಜ್ ಕಂಪನಿ 2016ರಲ್ಲಿ ಹೊರತಂದ ‘ವಿ’ ಮೋಟಾರುಸೈಕಲ್‌ಗಳಲ್ಲಿ ಬಳಸಿತು.