ಅಡಿಕೆಗೆ ಹೋದ ಮಾನ ಮರಳಿ ಬರುವುದೆ?

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದು ಬಂಡೀಪುರದ ಕಡೆಗೆ ಹೊರಟರೆ ಹಂಗಳ ಸಿಗುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರು ಇಲ್ಲಿಯೇ ತಿರುಗಬೇಕು. 1673ರಲ್ಲಿ ಮೈಸೂರಿನ ದೊರೆಯಾದ ಚಿಕ್ಕದೇವರಾಜ ಒಡೆಯರು ಅದಕ್ಕೂ ಮೊದಲು ಈ ಊರಿನಲ್ಲಿ ಸೆರೆಯಲ್ಲಿದ್ದರೆಂದು ಇತಿಹಾಸಕಾರರು ಹೇಳುತ್ತಾರೆ. ಸೆರೆವಾಸ ಕಂಡವರು ಸಿಂಹಾಸನವೇರಿದರು! ಆದರೆ ಅದು ಅರಮನೆ ರಾಜಕೀಯದ ಸೆರೆ, ವಂಚನೆಗೆ ವಿಧಿಸಿದ ಶಿಕ್ಷೆಯಲ್ಲ. ವಂಚನೆ ಮಾಡಿ ಜೈಲಿಗೆ ಹೋದ ವಕೀಲನೋ, ಲೆಕ್ಕಪರಿಶೋಧಕನೋ, ಬ್ಯಾಂಕ್ ಗುಮಾಸ್ತನೋ ಶಿಕ್ಷೆ ಮುಗಿಸಿ ಬಂದು ತನ್ನ ಹಳೆಯ ಕುರ್ಚಿಯಲ್ಲಿ ಕೂರಬಹುದೆ?

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ಊರಿನ ಉತ್ತರ. ಕಾನೂನಿನ ಉತ್ತರ ಇಷ್ಟು ಸರಳವಾಗಿಲ್ಲ. ಅಪರಾಧ ಒಂದೇ ಆದರೂ ಕುರ್ಚಿ ಬೇರೆಯಾದರೆ ಉತ್ತರವೂ ಬೇರೆಯಾಗುತ್ತದೆ.

ಮೋಸಗಾರನನ್ನು ನಾವು 'ಫೋರ್ ಟ್ವೆಂಟಿ' ಎನ್ನುವುದು ಭಾರತೀಯ ದಂಡ ಸಂಹಿತೆಯ 420ನೇ ಕಲಮಿನಿಂದಾಗಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು ಆ ಜಾಗಕ್ಕೆ ಬಂದಿದೆ. ಅಂಕಿ ಬದಲಾದರೂ ವಂಚನೆಯನ್ನು 'ನೈತಿಕ ಅಧಃಪತನ'ದ ಅಪರಾಧವೆಂದೇ ನ್ಯಾಯಾಲಯಗಳು ಕಾಣುತ್ತವೆ. ಬಾಗಿಲು ತೆರೆಯುವುದೂ ಮುಚ್ಚುವುದೂ ಈ ಎರಡು ಪದಗಳ ಮೇಲೆ ನಿಂತಿದೆ.

ಬ್ಯಾಂಕಿನ ಬಾಗಿಲು ಎಲ್ಲಕ್ಕಿಂತ ಬಿಗಿ. ಇಂಥ ಅಪರಾಧದಲ್ಲಿ ಎಂದಾದರೂ ಶಿಕ್ಷೆಗೊಳಗಾದವರನ್ನು ಬ್ಯಾಂಕ್ ನೌಕರಿಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 10ನೇ ಕಲಮು. ಇಂತಿಷ್ಟು ವರ್ಷ ಎಂಬ ಮಿತಿ ಅದರಲ್ಲಿಲ್ಲ. ಸರ್ಕಾರಿ ನೌಕರನಾದರೆ, ಶಿಕ್ಷೆಗೆ ಕಾರಣವಾದ ನಡತೆಯ ಮೇಲೆ ಬೇರೆ ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆಯಲು ಸಂವಿಧಾನದ 311ನೇ ವಿಧಿಯೇ ಅವಕಾಶ ಕೊಟ್ಟಿದೆ. ಮೇಲ್ಮನವಿ ಬಾಕಿಯಿದೆ ಎಂಬ ಕಾರಣಕ್ಕೆ ಭ್ರಷ್ಟಾಚಾರದ ಅಪರಾಧಿ ಹುದ್ದೆಗೆ ಮರಳಬಾರದೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು.

ಚಾರ್ಟರ್ಡ್ ಅಕೌಂಟೆಂಟರಿಗೆ ಒಂದು ಕಿರುಬಾಗಿಲಿದೆ. ಶಿಕ್ಷೆಯಾದವರ ಹೆಸರು ಪಟ್ಟಿಯಲ್ಲಿರುವಂತಿಲ್ಲ. ಆದರೆ ಕ್ಷಮಾದಾನ ದೊರೆತರೆ, ಇಲ್ಲವೇ ಅರ್ಜಿ ಪರಿಶೀಲಿಸಿ ಕೇಂದ್ರ ಸರ್ಕಾರ ಲಿಖಿತ ಆದೇಶದಿಂದ ಅನರ್ಹತೆ ತೆಗೆದರೆ ಮರಳಬಹುದು.

ವಕೀಲರ ಮಾತೇ ಬೇರೆ. 1961ರ ವಕೀಲರ ಕಾಯ್ದೆಯ 24ಎ ಕಲಮಿನಂತೆ, ಬಿಡುಗಡೆಯಾಗಿ 2 ವರ್ಷ ಕಳೆದರೆ ನೋಂದಣಿಗಿದ್ದ ಅಡ್ಡಿ ತಾನಾಗಿಯೇ ತೊಲಗುತ್ತದೆ. ಈಗಾಗಲೇ ವಕೀಲರಾಗಿದ್ದು ಶಿಕ್ಷೆಗೊಳಗಾದವರಿಗೂ ಇದು ಅನ್ವಯಿಸುತ್ತದೆಂದು 2016ರಲ್ಲಿ ನ್ಯಾಯಾಂಗ ನಿಂದನೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಯ್ದೆಯನ್ನು ಮರುಪರಿಶೀಲಿಸುವ ಅಗತ್ಯವಿದೆಯೆಂದೂ ಸೂಚಿಸಿತು. ದುರ್ನಡತೆಗಾಗಿ ಹೆಸರನ್ನೇ ತೆಗೆದುಹಾಕುವ ಅಧಿಕಾರ ಬಾರ್ ಕೌನ್ಸಿಲಿಗೆ ಪ್ರತ್ಯೇಕವಾಗಿ ಇದ್ದೇ ಇದೆ.

ಮರಳುವ ದಾರಿ ಹೇಗಿರಬೇಕು ಎಂಬುದಕ್ಕೆ ನೆರೆಯ ತಮಿಳುನಾಡಿನ ಹಳೆಯ ಪ್ರಕರಣವೊಂದು ನೆನಪಾಗುತ್ತದೆ. ಪ್ರಾಮಿಸರಿ ನೋಟುಗಳ ಹಣ ವಸೂಲಿಗೆಂದು ಬಂದ ವೃದ್ಧ ದಂಪತಿಗೆ, ದಾವೆಯನ್ನೇ ಹೂಡದೆ ಹೂಡಿದ್ದೇನೆಂದು ವಕೀಲರೊಬ್ಬರು ನಂಬಿಸಿದ್ದರು. ಅದು ಕ್ರಿಮಿನಲ್ ಶಿಕ್ಷೆಯಲ್ಲ, ವೃತ್ತಿ ಶಿಸ್ತಿನ ಪ್ರಶ್ನೆ. 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ತೀರ್ಪು ವಕೀಲರನ್ನು ಬರಿದೇ ಹೊರಗಿಡಲಿಲ್ಲ. ಅಮಾನತಿನ ಜೊತೆಗೆ, ನೊಂದವರಿಗೆ ಹಣ ಕೊಟ್ಟು ಒಂದು ವರ್ಷ ಬಡವರಿಗೆ ಉಚಿತ ಕಾನೂನು ನೆರವು ನೀಡುವಂತೆ ಹೇಳಿತು. ಪೀಠದ ಒಬ್ಬ ನ್ಯಾಯಮೂರ್ತಿ ಇದಕ್ಕೆ ಒಪ್ಪಲಿಲ್ಲ ಎಂಬುದನ್ನೂ ಮರೆಯಬಾರದು.

ಒಪ್ಪದವರ ಆತಂಕ ಸುಳ್ಳಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಏನಾಗುತ್ತದೆಂದು ಕರ್ನಾಟಕ ಕಂಡಿದೆ. ಖಾನಾಪುರದ ಅಬ್ದುಲ್ ಕರೀಂ ತೆಲಗಿ ಛಾಪಾಕಾಗದ ಮಾರುವ ಪರವಾನಗಿ ಪಡೆದೇ ನಕಲಿ ಕಾಗದದ ಜಾಲ ಹೆಣೆದ. 2001ರಲ್ಲಿ ಬಂಧಿತನಾದ ಅವನು ಶಿಕ್ಷೆ ಅನುಭವಿಸುತ್ತಲೇ 2017ರಲ್ಲಿ ಬೆಂಗಳೂರಿನಲ್ಲಿ ಸತ್ತ. ಅವನು ಹಳೆಯ ಕೆಲಸಕ್ಕೆ ಮರಳಲಿಲ್ಲ, ಸರಿ. ಹಗರಣದ ಬಳಿಕ ರಾಜ್ಯದಲ್ಲಿ ಇ-ಸ್ಟಾಂಪಿಂಗ್ ಬಂದು, ನ್ಯಾಯವಾಗಿ ಛಾಪಾಕಾಗದ ಮಾರಿ ಬದುಕಿದ್ದವರ ಕಸುಬೂ ಹೋಯಿತು. ಒಬ್ಬನ ವಂಚನೆಯ ದಂಡವನ್ನು ಒಂದು ವೃತ್ತಿಯೇ ತೆತ್ತಿತು.

ಶಿಕ್ಷೆ ಅನುಭವಿಸಿದವನಿಗೂ ಹೊಟ್ಟೆಯಿದೆ, ಮಕ್ಕಳಿದ್ದಾರೆ. ಅವನಿಗೆ ಎಲ್ಲ ಬಾಗಿಲನ್ನೂ ಮುಚ್ಚಿದರೆ ಮತ್ತೆ ಮೋಸದ ದಾರಿಯನ್ನೇ ತೋರಿದಂತೆ. ಆದರೆ ಹಂಗಳದ ರೈತನೊಬ್ಬ ಪಹಣಿ, ಕ್ರಯಪತ್ರಗಳ ಗಂಟು ಹಿಡಿದು ಗುಂಡ್ಲುಪೇಟೆಗೆ ಹೋಗಿ, ವಕೀಲರು ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತಾನೆ. ಎದುರಿಗಿರುವವರ ಹಿಂದಿನ ಕಥೆಯನ್ನು ಅವನಿಗೆ ತಿಳಿಸಬೇಕೆಂದು 24ಎ ಕಲಮಿನಲ್ಲಿ ಎಲ್ಲಿಯೂ ಹೇಳಿಲ್ಲ. ಎರಡು ವರ್ಷ ಕಳೆಯಿತೆಂಬುದು ಕ್ಯಾಲೆಂಡರಿನ ಲೆಕ್ಕ ಮಾತ್ರ. ಕಳೆದುಕೊಂಡವರ ಹಣ ಹಿಂತಿರುಗಿತೆ, ನಂಬಿ ಬರುವವರಿಗೆ ವಿಷಯ ಗೊತ್ತಿದೆಯೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಕುರ್ಚಿ ಕೊಟ್ಟರೆ ಊರೂ ಒಪ್ಪೀತು.